ಕಾಣದ ಮಾತಿನ ಚಿತ್ರಗಳು: ಕಂಬಂ ಕಣಿವೆಯ ಕನ್ನಡ ಮತ್ತು ಛಾಯಾಪುಸ್ತಕದ ಅಡಿಬರಹ

೧

ಛಾಯಾಚಿತ್ರಕ್ಕೆ ಕಿವಿಯಿಲ್ಲ. ಮುಖ, ಉಡುಪು, ಬೆಳಕು, ನೆರಳು ಇವನ್ನು ಅದು ಹಿಡಿದಿಡುತ್ತದೆ. ಆ ಮುಖ ಆಡುತ್ತಿದ್ದ ಮಾತನ್ನು ಹಿಡಿಯಲಾರದು. ಬಹುಪಾಲು ಸಂದರ್ಭಗಳಲ್ಲಿ ಇದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಆದರೆ ಒಂದು ಸಮುದಾಯವನ್ನು ನೆರೆಹೊರೆಯಿಂದ ಬೇರೆಯಾಗಿ ಗುರುತಿಸುವ ಲಕ್ಷಣ ಮನೆಮಾತೊಂದೇ ಆಗಿರುವಾಗ ಈ ಮಿತಿ ಗಂಭೀರವಾಗುತ್ತದೆ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ಅದರ ಈಶಾನ್ಯಕ್ಕಿರುವ ದಿಂಡಿಗಲ್ ಸೀಮೆಯಲ್ಲಿಯೂ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆಮಾತಿನ ಜನರ ಸ್ಥಿತಿ ಇಂಥದು.

ಬೇಸಾಯಗಾರರಾದ ಕಾಪ್ಪಿಲಿಯರು ಮತ್ತು ಅನುಪ್ಪರು, ನೇಕಾರರಾದ ದೇವಾಂಗರಲ್ಲಿ ಒಂದು ಭಾಗ, ಇವರೆಲ್ಲ ಇಲ್ಲಿ ಕನ್ನಡವನ್ನು ಮನೆಯೊಳಗೆ ಉಳಿಸಿಕೊಂಡವರು. ಅವರ ಹೊಲ, ಮನೆ, ಉಡುಗೆ, ಹಬ್ಬದ ಬೀದಿ ಕಣ್ಣಿಗೆ ತಮಿಳು ನೆರೆಯವರದಕ್ಕಿಂತ ಹೆಚ್ಚು ಬೇರೆಯಾಗಿ ಕಾಣುವುದಿಲ್ಲ. ಶಾಲೆಯ ಅಕ್ಷರ ತಮಿಳು, ಪೇಟೆಯ ಫಲಕ ತಮಿಳು, ಮದುವೆಯ ಕರೆಯೋಲೆಯೂ ತಮಿಳು. ಒಲೆಯ ಮುಂದೆ, ಜಗಲಿಯ ಮೇಲೆ, ದನದ ಕೊಟ್ಟಿಗೆಯಲ್ಲಿ ಕನ್ನಡ. ಕ್ಯಾಮೆರಾ ಈ ಮನೆಗಳಿಗೆ ಬಂದು ಹೋದರೆ ಅದು ತಂದುಕೊಡುವುದು ತಮಿಳುನಾಡಿನ ಒಂದು ಗ್ರಾಮೀಣ ದೃಶ್ಯವನ್ನೇ ಹೊರತು ಕನ್ನಡದ ಒಂದು ನೆಲೆಯನ್ನಲ್ಲ.

ದೃಶ್ಯವು ಭಾಷೆಯ ವಿಷಯದಲ್ಲಿ ಎಷ್ಟು ನಿರಪೇಕ್ಷವಾಗಿರಬಲ್ಲದೆಂಬುದಕ್ಕೆ ಈ ಸೀಮೆಗೇ ಸಂಬಂಧಿಸಿದ ಒಂದು ಉದಾಹರಣೆಯುಂಟು. ತೇನಿಯ ಅಲ್ಲಿನಗರದಲ್ಲಿ ಹುಟ್ಟಿದ ನಿರ್ದೇಶಕ ಭಾರತಿರಾಜ ಅವರ ಮೊದಲ ಚಿತ್ರ ‘ಪದಿನಾರು ವಯದಿನಿಲೇ’ (೧೯೭೭) ತಮಿಳು ಗ್ರಾಮವನ್ನು ಸ್ಟುಡಿಯೋದಿಂದ ಹೊರತಂದ ಕೃತಿಯೆಂದು ಪ್ರಸಿದ್ಧವಾಗಿದೆ. ಆ ಚಿತ್ರದ ಹೆಚ್ಚಿನ ಭಾಗ ಚಿತ್ರಿತವಾದದ್ದು ಮೈಸೂರು ಮತ್ತು ಕೊಳ್ಳೇಗಾಲದ ಸುತ್ತಮುತ್ತ. ಕನ್ನಡ ನಾಡಿನ ಊರು ತಮಿಳಿನ ಆದರ್ಶ ಗ್ರಾಮವಾಗಿ ಪರದೆಯ ಮೇಲೆ ನಿಂತಿತು; ನೋಡಿದವರಿಗೆ ಅನುಮಾನ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ಮಣ್ಣಿನ ಗೋಡೆಗೂ ಹುಣಸೆಯ ಮರಕ್ಕೂ ಭಾಷೆಯಿಲ್ಲ. ಅವಕ್ಕೆ ಭಾಷೆಯನ್ನು ಕೊಟ್ಟದ್ದು ಧ್ವನಿಪಟ್ಟಿಕೆ.

ಸ್ಥಿರಚಿತ್ರದ ಲೋಕದಲ್ಲಿ ಧ್ವನಿಪಟ್ಟಿಕೆಯ ಸ್ಥಾನದಲ್ಲಿರುವುದು ಅಡಿಬರಹ. ಪ್ರದರ್ಶನದ ಗೋಡೆಯಲ್ಲಿ ಚಿತ್ರದ ಪಕ್ಕಕ್ಕೆ ಅಂಟಿಸಿದ ಚೀಟಿ, ಛಾಯಾಪುಸ್ತಕದ ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಬರುವ ಪಟ್ಟಿ, ಇವು ಅಲಂಕಾರಗಳಲ್ಲ. ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಚಿತ್ರದ ಅರ್ಥ ಉಳಿಯುವುದೋ ಅಳಿಯುವುದೋ ಅಲ್ಲಿಯೇ ತೀರ್ಮಾನವಾಗುತ್ತದೆ. ಇತ್ತೀಚಿನ ಕೆಲವು ಪ್ರದರ್ಶನಗಳನ್ನೂ ಛಾಯಾಪುಸ್ತಕಗಳನ್ನೂ ಈ ದೃಷ್ಟಿಯಿಂದ ಓದಿ, ಕಂಬಂ ಕಣಿವೆಯ ಕನ್ನಡಕ್ಕೆ ಅವುಗಳಿಂದ ದೊರೆಯುವ ಪಾಠವೇನೆಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

೨

ಈ ಸೀಮೆಯ ಛಾಯಾಚಿತ್ರದ ಚರಿತ್ರೆ ಹೊಸದಲ್ಲ. ಮದ್ರಾಸು ಸರಕಾರದ ಛಾಯಾಗ್ರಾಹಕನಾಗಿದ್ದ ಲಿನಿಯಸ್ ಟ್ರೈಪ್ ತೆಗೆದ ಮಧುರೆಯ ಚಿತ್ರಗಳು ೧೮೫೮ರಲ್ಲಿ ಸಂಪುಟಗಳಾಗಿ ಹೊರಬಂದವು. ಅದಕ್ಕೂ ಮುಂಚೆ ೧೮೫೪ರಲ್ಲಿ ಆತ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ್ದನು. ಕಾಗದದ ನೆಗೆಟಿವ್‌ಗಳ ಮೇಲೆ ದೀರ್ಘ ಅವಧಿಯ ಬೆಳಕು ಬೀಳಿಸಿ ತೆಗೆದ ಆ ಚಿತ್ರಗಳಲ್ಲಿ ಕಲ್ಲು ಸ್ಪಷ್ಟ, ಮನುಷ್ಯ ವಿರಳ. ೨೦೧೪–೧೫ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ನುಗಳ ದೊಡ್ಡ ಸಂಗ್ರಹಾಲಯಗಳಲ್ಲಿ ಟ್ರೈಪನ ಚಿತ್ರಗಳ ಪ್ರದರ್ಶನ ನಡೆದಾಗ ವಿಮರ್ಶಕರು ಮೆಚ್ಚಿದ್ದು ಆ ನಿರ್ಜನ ಗಾಂಭೀರ್ಯವನ್ನೇ. ಆ ಗಾಂಭೀರ್ಯಕ್ಕೆ ತೆತ್ತ ಬೆಲೆ ಜನರ ಗೈರುಹಾಜರಿ.

ಜನರು ಬಂದದ್ದು ಮುಂದಿನ ಹಂತದಲ್ಲಿ, ಮಾದರಿಗಳಾಗಿ. ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಒಬ್ಬೊಬ್ಬ ವ್ಯಕ್ತಿಯನ್ನೂ ಒಂದೊಂದು ಕುಲದ ಪ್ರತಿನಿಧಿಯೆಂದು ಪುಟಕ್ಕೆ ಅಂಟಿಸಿತು. ದಕ್ಷಿಣದಲ್ಲಿ ಅದೇ ದೃಷ್ಟಿ ಮದ್ರಾಸು ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ನನ ಕೈಯಲ್ಲಿ ಅಳತೆಪಟ್ಟಿಯನ್ನೂ ಸೇರಿಸಿಕೊಂಡಿತು. ಕೆ. ರಂಗಾಚಾರಿಯವರ ನೆರವಿನಿಂದ ಆತ ೧೯೦೯ರಲ್ಲಿ ಹೊರತಂದ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ದ ಏಳು ಸಂಪುಟಗಳಲ್ಲಿ ಕಾಪ್ಪಿಲಿಯರಿಗೂ ಅನುಪ್ಪರಿಗೂ ಪ್ರತ್ಯೇಕ ನಮೂದುಗಳಿವೆ. ಎರಡರಲ್ಲಿಯೂ ಮೊದಲಿಗೆ ಹೇಳುವ ಸಂಗತಿ ಒಂದೇ: ಇವರು ಕನ್ನಡ ಮಾತನಾಡುವ ಬೇಸಾಯಗಾರರು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಥರ್ಸ್ಟನ್ನನ ಯೋಜನೆ ಮೂಗಿನ ಅಗಲದಲ್ಲಿಯೂ ತಲೆಯ ಸುತ್ತಳತೆಯಲ್ಲಿಯೂ ಜಾತಿಯನ್ನು ಹುಡುಕಿತು. ಆದರೆ ಕಂಬಂ ಕಣಿವೆಯ ಈ ಜನರನ್ನು ಕುರಿತು ಹೇಳಬೇಕಾದಾಗ ಅಳತೆಗೋಲು ನೆರವಿಗೆ ಬರಲಿಲ್ಲ, ಭಾಷೆಯನ್ನೇ ಮುಂದಿಡಬೇಕಾಯಿತು. ದೇಹವನ್ನು ನೋಡಿ ತಿಳಿಯುವುದು ಸಾಧ್ಯವಿಲ್ಲದ ಕಡೆ ಮಾತನ್ನು ಕೇಳಿ ಬರೆದುಕೊಳ್ಳಲೇಬೇಕಾಯಿತು. ವಸಾಹತುಶಾಹಿ ಜನಾಂಗವರ್ಣನೆಯ ದೋಷಗಳನ್ನು ನಾವು ಬಲ್ಲೆವು. ಅದರೊಡನೆಯೇ, ಇಂದಿನ ಎಷ್ಟೋ ಸುಂದರ ಛಾಯಾಪುಸ್ತಕಗಳು ಮಾಡದ ಒಂದು ಕೆಲಸವನ್ನು ಅದು ಮಾಡಿತ್ತೆಂಬುದನ್ನೂ ಒಪ್ಪಬೇಕು: ಮನೆಯಲ್ಲಿ ಯಾವ ಮಾತು ಎಂದು ಅದು ಕೇಳಿತ್ತು.

ಈ ಮಾದರಿಚಿತ್ರಗಳ ಪರಂಪರೆಯನ್ನು ಒಳಗಿನಿಂದ ಒಡೆದು ತೋರಿಸಿದ ಕೃತಿಯೆಂದರೆ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ೨೦೦೦–೨೦೦೪ರ ನಡುವೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’. ಅಳತೆಯ ಚೌಕಗಳಿದ್ದ ಪರದೆಯ ಮುಂದೆ ತಾನೇ ತೊದವ ಹೆಂಗಸಾಗಿ ನಿಂತ ಕಲಾವಿದೆ, ರವಿವರ್ಮನ ನಾಯಿಕೆಯೂ ವೇಲಾಂಕಣ್ಣಿಯ ಮಾತೆಯೂ ಪೋಲೀಸು ದಾಖಲೆಯ ಕಳ್ಳಿಯೂ ಆಗುತ್ತಾರೆ. ಒಂದೇ ದೇಹ ಇಷ್ಟೆಲ್ಲ ಮಾದರಿಗಳಾಗಬಲ್ಲದಾದರೆ ಮಾದರಿ ಎಂಬುದು ದೇಹದಲ್ಲಿಲ್ಲ, ಪರದೆಯಲ್ಲಿಯೂ ಉಡುಪಿನಲ್ಲಿಯೂ ಶೀರ್ಷಿಕೆಯಲ್ಲಿಯೂ ಇದೆ ಎಂಬುದು ಅದರ ವಾದ. ಈ ವಾದವನ್ನು ಕಂಬಂ ಕಣಿವೆಗೆ ಅನ್ವಯಿಸಿದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಪುಷ್ಪಮಾಲಾ ಅಣಕಿಸುವ ಚಿತ್ರಗಳಲ್ಲಿ ಗುರುತು ಅತಿಯಾಗಿದೆ. ಉಡುಪು, ಆಭರಣ, ನಿಲುವು ಎಲ್ಲವೂ ಕೂಗಿ ಹೇಳುತ್ತವೆ. ಕಣಿವೆಯ ಕನ್ನಡಿಗರ ಚಿತ್ರದಲ್ಲಿ ಅಣಕಿಸಲು ಸಿಗುವಂಥ ಗುರುತೇ ಇಲ್ಲ. ಅಲ್ಲಿ ಕಲಾವಿದೆಗೆ ಉಡಲು ಉಡುಪಿಲ್ಲ, ಆಡಲು ಮಾತಿದೆ.

ಅದೇ ಪುಷ್ಪಮಾಲಾ ಅವರು ೨೦೧೯ರ ಚೆನ್ನೈ ಫೋಟೋ ಬಿಯೆನಾಲೆಯ ಎರಡನೆಯ ಆವೃತ್ತಿಯ ಕಲಾನಿರ್ದೇಶಕಿಯಾಗಿದ್ದರು. ‘ಫಾನಾ ಆಫ್ ಮಿರರ್ಸ್’ ಎಂಬ ಹೆಸರಿನ ಆ ಪ್ರದರ್ಶನ ಮದ್ರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸಿನಂಥ ಹಳೆಯ ಕಟ್ಟಡಗಳನ್ನು ಬಳಸಿಕೊಂಡಿತು. ೨೦೧೬ರಲ್ಲಿ ಆರಂಭವಾದ ಈ ಬಿಯೆನಾಲೆಯೂ ೨೦೨೩ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೂ ದಕ್ಷಿಣದಲ್ಲಿ ಛಾಯಾಚಿತ್ರವನ್ನು ಗಂಭೀರ ಚರ್ಚೆಯ ವಿಷಯವಾಗಿಸಿವೆ. ಒಂದು ಚೆನ್ನೈನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಚೆನ್ನೈಯ ಗೋಡೆಯ ಮೇಲೆ ಕಂಬಂ ಕಣಿವೆಯ ಚಿತ್ರ ತಮಿಳುನಾಡಿನ ಚಿತ್ರವಾಗುವುದು ಸಹಜ. ಬೆಂಗಳೂರಿನ ಗೋಡೆಯ ಮೇಲೂ ಅದು ತಮಿಳುನಾಡಿನ ಚಿತ್ರವೇ ಆಗುತ್ತದೆ. ಎರಡು ರಾಜಧಾನಿಗಳ ನಡುವೆ ಬಿದ್ದುಹೋಗುವ ಸಮುದಾಯದ ಸಂಕಟ ಇದು.

೩

ಕಣಿವೆಯಿಂದಲೇ ಒಂದು ನಿದರ್ಶನವನ್ನು ತೆಗೆದುಕೊಂಡರೆ ಮಾತು ಸ್ಪಷ್ಟವಾದೀತು. ಕಂಬಂ ಪಟ್ಟಣದ ನಂದಗೋಪಾಲಸ್ವಾಮಿಯ ನೆಲೆಗೆ ಸೇರಿದ ದೈವದ ದನಗಳ ಹಿಂಡೊಂದಿದೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು; ದೊಡ್ಡಿಯನ್ನು ‘ತಂಬಿರಾನ್ ಮಾಟ್ಟುತ್ತೊಳು’ ಎನ್ನುವರು. ಮಾಟ್ಟುಪ್ಪೊಂಗಲ್ ದಿನ ಸುತ್ತಣ ಹಳ್ಳಿಗಳ ರೈತರು ಇಲ್ಲಿಗೆ ಬಂದು ಪೂಜೆ ಸಲ್ಲಿಸುತ್ತಾರೆ. ಸಂಕ್ರಾಂತಿಯ ಮರುದಿನದ ಪತ್ರಿಕೆಗಳಿಗೆ ಇದು ಸೊಗಸಾದ ಚಿತ್ರ: ಕೊಂಬಿಗೆ ಬಣ್ಣ, ಕೊರಳಿಗೆ ಹಾರ, ಧೂಪದ ಹೊಗೆ, ಅದರ ಹಿಂದೆ ಸಹ್ಯಾದ್ರಿಯ ನೀಲಿ ಗೋಡೆ.

ಡಬ್ಲ್ಯು. ಫ್ರಾನ್ಸಿಸ್ ೧೯೦೬ರಲ್ಲಿ ಪ್ರಕಟಿಸಿದ ಮಧುರಾ ಜಿಲ್ಲೆಯ ಗೆಜೆಟಿಯರು ಇದೇ ಹಿಂಡನ್ನು ಕುರಿತು ಹೇಳುವಾಗ ಕಾಪ್ಪಿಲಿಯರ ಬಾಯಲ್ಲಿದ್ದ ಕನ್ನಡ ಹೆಸರನ್ನೂ ಕೊಡುತ್ತದೆ: ದೇವರು ಆವು. ಹಿಂಡಿನ ಮುಖ್ಯ ಹೋರಿಯ ಹೆಸರು ‘ಪಟ್ಟದ ಆವು’. ಹಳೆಯ ಹೋರಿ ಸತ್ತ ಮೇಲೆ ಹೊಸದನ್ನು ಆರಿಸುವ ಕ್ರಮವೂ ಅಲ್ಲಿದೆ. ಶುಭದಿನವೊಂದರಲ್ಲಿ ಹಿಂಡನ್ನು ಕೂಡಿಸಿ, ಕರ್ಪೂರ ಬೆಳಗಿ, ಕಬ್ಬಿನ ಕಟ್ಟನ್ನು ಮುಂದಿಟ್ಟು, ಯಾವುದು ಮೊದಲು ಬಾಯಿ ಹಾಕುವುದೋ ಅದಕ್ಕೆ ಪಟ್ಟ.

ಈ ಎರಡು ಪದಗಳು ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಎಷ್ಟೋ ಛಾಯಾಚಿತ್ರಗಳಿಗಿಂತ ಹೆಚ್ಚು ಹೇಳುತ್ತವೆ. ‘ಆವು’ ಹಳಗನ್ನಡದ ಪದ. ನಮ್ಮ ಇಂದಿನ ಬಳಕೆಯಲ್ಲಿ ಹಸು, ಆಕಳು, ದನಗಳು ಅದರ ಸ್ಥಾನವನ್ನು ತುಂಬಿವೆ. ತೆಲುಗಿನಲ್ಲಿ ಅದು ಇಂದಿಗೂ ಜೀವಂತವಾಗಿರುವುದರಿಂದ, ಕಣಿವೆಯಲ್ಲಿ ನೆರೆಯಾಗಿರುವ ತೆಲುಗು ಮನೆಮಾತಿನ ತೊಟ್ಟಿಯರ ಪ್ರಭಾವವನ್ನೂ ಅಲ್ಲಗಳೆಯಲಾಗದು. ಆದರೆ ‘ಪಟ್ಟದ’ ಎಂಬಲ್ಲಿ ಸಂದೇಹಕ್ಕೆ ಎಡೆಯಿಲ್ಲ. ತಮಿಳಾಗಿದ್ದರೆ ಅದು ‘ಪಟ್ಟತ್ತು’ ಆಗಬೇಕಿತ್ತು. ಷಷ್ಠಿಯ ಆ ಒಂದು ‘ದ’ಕಾರ, ತುಂಗಭದ್ರೆಯ ದಡದಿಂದ ಬಂದೆವೆಂಬ ಐತಿಹ್ಯವನ್ನು ಹೊತ್ತ ಜನ ಶತಮಾನಗಳ ಕಾಲ ಕಾಪಾಡಿಕೊಂಡ ಆಸ್ತಿ. ಅದನ್ನು ಯಾವ ಮಸೂರವೂ ಸೆರೆಹಿಡಿಯಲಾರದು. ಚಿತ್ರದ ಕೆಳಗೆ ‘ತಂಬಿರಾನ್ ಮಾಡು, ಕಂಬಂ’ ಎಂದಷ್ಟೇ ಬರೆದರೆ ತಪ್ಪೇನೂ ಆಗುವುದಿಲ್ಲ. ಆದರೆ ಒಂದು ಸಾಲಿನ ಅಡಿಬರಹದಲ್ಲಿ ಒಂದು ಭಾಷೆಯ ಸಾಕ್ಷ್ಯ ಕರಗಿಹೋಗುತ್ತದೆ.

ಕರ್ನಾಟಕದ ಓದುಗರಿಗೆ ಈ ಹಿಂಡು ಅಪರಿಚಿತವೆನಿಸದು. ಚಿತ್ರದುರ್ಗ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಸಾಕುವ ಪದ್ಧತಿಯಿದೆ. ಅವನ್ನು ಕಾಯುವ ಕಿಲಾರಿಗಳಿದ್ದಾರೆ. ಆ ಎತ್ತುಗಳನ್ನು ದುಡಿಮೆಗೆ ಹೂಡುವುದಿಲ್ಲ. ಚಳ್ಳಕೆರೆಯ ಬಯಲಿನ ಚಿತ್ರವನ್ನೂ ಕಂಬಂನ ದೊಡ್ಡಿಯ ಚಿತ್ರವನ್ನೂ ಎದುರುಬದುರಾದ ಎರಡು ಪುಟಗಳಲ್ಲಿ ಇಟ್ಟರೆ, ಯಾವ ಪ್ರಬಂಧವೂ ಹೇಳಲಾರದಷ್ಟು ಅಡಕವಾಗಿ ಒಂದು ಸಾಂಸ್ಕೃತಿಕ ಸಂಬಂಧ ಕಾಣಿಸಿಕೊಳ್ಳುತ್ತದೆ. ಛಾಯಾಪುಸ್ತಕದ ನಿಜವಾದ ಶಕ್ತಿ ಬಿಡಿ ಚಿತ್ರದಲ್ಲಿಲ್ಲ, ಪುಟಗಳ ಜೋಡಣೆಯಲ್ಲಿದೆ. ಆದರೆ ಆ ಜೋಡಣೆಯನ್ನು ಓದಲು ಅಡಿಬರಹವೇ ಕೀಲಿ. ‘ದೇವರ ಎತ್ತು’ ಮತ್ತು ‘ದೇವರು ಆವು’ ಎಂಬ ಎರಡು ಹೆಸರುಗಳು ಎದುರೆದುರಾಗಿ ನಿಲ್ಲದಿದ್ದರೆ ಉಳಿಯುವುದು ಎರಡು ದನದ ಚಿತ್ರಗಳು ಮಾತ್ರ.

ದೇವಾಂಗರ ಚೌಡೇಶ್ವರಿಯ ಉತ್ಸವಕ್ಕೂ ಇದೇ ಮಾತು ಸಲ್ಲುತ್ತದೆ. ತಮಿಳುನಾಡಿನಲ್ಲಿ ಈ ಉತ್ಸವಗಳಂದು ಗಂಡಸರು ಎದೆಗೆ ಕತ್ತಿ ಹಾಕಿಕೊಂಡು ದೇವಿಯನ್ನು ಕರೆತರುತ್ತಾರೆ. ಕನ್ನಡನಾಡಿನ ದೇವಾಂಗರು ಅಲಗು ಸೇವೆಯೆಂದು ಬಲ್ಲ ಆಚರಣೆಯಿದು. ರಕ್ತವೂ ಉಕ್ಕೂ ಇರುವುದರಿಂದ ಕ್ಯಾಮೆರಾಗಳು ಮುಗಿಬೀಳುತ್ತವೆ. ಇಲ್ಲಿ ಚಿತ್ರ ಬಲವಾದಷ್ಟೂ ಮಾತು ಕ್ಷೀಣಿಸುತ್ತದೆ. ಸಮುದಾಯದ ಒಂದು ದಿನದ ಆವೇಶ ಅದರ ಮುಖವಾಗಿ ನಿಲ್ಲುತ್ತದೆ. ಉಳಿದ ದಿನಗಳ ಮಗ್ಗ, ಸಾಲ, ಪಾಲು, ಮನೆಮಾತು ಚೌಕಟ್ಟಿನಿಂದ ಹೊರಗುಳಿಯುತ್ತವೆ.

೪

ಹಾಗಾದರೆ ಒಳಗಿನವರೇ ಕ್ಯಾಮೆರಾ ಹಿಡಿದರೆ ಸಮಸ್ಯೆ ಬಗೆಹರಿಯುವುದೆ? ಅಲ್ಪಸಂಖ್ಯಾತ ಸಮುದಾಯಗಳನ್ನು ಕುರಿತ ಎರಡು ಪ್ರಸಿದ್ಧ ಭಾರತೀಯ ಛಾಯಾಪುಸ್ತಕಗಳು ಇಲ್ಲಿ ಹೋಲಿಕೆಗೆ ಒದಗುತ್ತವೆ. ಸೂನಿ ತಾರಾಪೊರೆವಾಲಾ ಅವರು ೨೦೦೦ದಲ್ಲಿ ಹೊರತಂದ ಪಾರಸಿಗಳ ಪುಸ್ತಕ ಸ್ವಂತ ಅಜ್ಜ ಅಜ್ಜಿಯರಿಂದಲೇ ಆರಂಭವಾದ ಕೆಲಸ. ಅಲ್ಲಿನ ನಗುವಿಗೂ ಸಲುಗೆಗೂ ಕಾರಣ ಅದೇ. ಕೇತಕಿ ಶೇಠ್ ಅವರ ‘ಎ ಸರ್ಟನ್ ಗ್ರೇಸ್’ (೨೦೧೩) ಸಿದ್ದಿಗಳನ್ನು ಹೊರಗಿನಿಂದ ಹೋಗಿ, ಸಂಯಮದಿಂದ, ಕಪ್ಪು ಬಿಳುಪಿನಲ್ಲಿ ಕಂಡ ಪುಸ್ತಕ. ಎರಡೂ ಉತ್ತಮ ಕೃತಿಗಳೇ. ಎರಡರಲ್ಲಿಯೂ ಸಮುದಾಯದ ಭಿನ್ನತೆಯನ್ನು ಕಣ್ಣು ಕಾಣಬಲ್ಲದು: ಒಂದರಲ್ಲಿ ಉಡುಪು, ಟೋಪಿ, ಅಗಿಯಾರಿ, ಇನ್ನೊಂದರಲ್ಲಿ ಮುಖಚರ್ಯೆ. ಭಿನ್ನತೆ ಕೇವಲ ಶ್ರವ್ಯವಾಗಿರುವ ಸಮುದಾಯಕ್ಕೆ ಈ ಎರಡು ಮಾದರಿಗಳೂ ಪೂರ್ತಿ ಒದಗುವುದಿಲ್ಲ.

ಕಣಿವೆಗೆ ಹತ್ತಿರದ ನಿದರ್ಶನ ಜೈಸಿಂಗ್ ನಾಗೇಶ್ವರನ್ ಅವರದು. ದಿಂಡಿಗಲ್ಲಿನಿಂದ ಮಧುರೆಗೆ ಹೋಗುವ ದಾರಿಯಲ್ಲಿರುವ ವಾಡಿಪಟ್ಟಿಯವರಾದ ಅವರು ‘ಐ ಫೀಲ್ ಲೈಕ್ ಎ ಫಿಶ್’ ಎಂಬ ಚಿತ್ರಮಾಲೆಯಲ್ಲಿ ತಮ್ಮ ದಲಿತ ಕುಟುಂಬವನ್ನೇ ಚಿತ್ರಿಸಿದ್ದಾರೆ. ಅಜ್ಜಿ ಪೊನ್ನುತ್ತಾಯಿಯವರು ದಲಿತ ಮಕ್ಕಳಿಗಾಗಿ ಕಟ್ಟಿದ ಶಾಲೆಯ ನೆನಪು ಆ ಮನೆಯ ಚರಿತ್ರೆಯ ಕೇಂದ್ರದಲ್ಲಿದೆ. ಸಂಕಟವನ್ನು ಮಾತ್ರ ತೋರಿಸುವ ರೂಢಿಯ ದಲಿತ ಚಿತ್ರಣಕ್ಕೆ ಎದುರಾಗಿ ಆತ್ಮೀಯತೆ, ವಿಶ್ರಾಂತಿ, ಹಾಸ್ಯ, ಹೂವು, ಬೆಳಕು ಇವನ್ನು ಅವರು ಇಟ್ಟರು. ಇದೇ ಪ್ರದೇಶದ ಇನ್ನೊಬ್ಬರು ಮಧುರೆಯ ಎಂ. ಪಳನಿ ಕುಮಾರ್. ಪೌರಕಾರ್ಮಿಕರ ಸಾವುಗಳನ್ನೂ ಅವರ ಕುಟುಂಬಗಳನ್ನೂ ವರ್ಷಗಟ್ಟಲೆ ಚಿತ್ರಿಸಿದ ಅವರಿಗೆ ೨೦೨೨ರಲ್ಲಿ ದಯಾನಿತಾ ಸಿಂಗ್–ಪರಿ ಸಾಕ್ಷ್ಯಛಾಯಾಚಿತ್ರ ಪ್ರಶಸ್ತಿ ಮೊದಲ ಸಲ ಸಂದಿತು. ಕಾರ್ಮಿಕರ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಕಲಿಸುವುದು ಅವರ ಕೆಲಸದ ಇನ್ನೊಂದು ಮುಖ.

ಇವರಿಬ್ಬರ ಕೆಲಸ ಕನ್ನಡದ ಸಂಶೋಧಕರಿಗೆ ಒಂದು ಎಚ್ಚರವನ್ನೂ ಹೇಳುತ್ತದೆ. ಕಂಬಂ ಕಣಿವೆಯಲ್ಲಿ ಕನ್ನಡ ಒಂದು ಭಾಷೆಯಾಗಿ ಉಳಿದಿರುವುದು ಬಹುಮಟ್ಟಿಗೆ ಜಾತಿಗಳ ಒಳಗೆ. ಕಾಪ್ಪಿಲಿಯರು ನೆಲವುಳ್ಳ ಬೇಸಾಯಗಾರರು. ೧೮೯೫ರಲ್ಲಿ ಮುಲ್ಲೈಪೆರಿಯಾರ್ ಅಣೆಕಟ್ಟೆಯ ನೀರು ಘಟ್ಟವನ್ನು ಕೊರೆದ ಸುರಂಗದ ಮೂಲಕ ಕಣಿವೆಗೆ ಇಳಿದ ಮೇಲೆ ಇಲ್ಲಿನ ಗದ್ದೆಗಳ ಬೆಲೆ ಬದಲಾಯಿತು. ಭತ್ತದ ಜೊತೆಗೆ ದ್ರಾಕ್ಷಿಯ ಚಪ್ಪರಗಳು ಹಬ್ಬಿದವು, ಕಂಬಂನ ಪನ್ನೀರ್ ದ್ರಾಕ್ಷಿಗೆ ೨೦೨೩ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಆ ಚಪ್ಪರಗಳ ಕೆಳಗೆ ದುಡಿಯುವವರು, ಮುಂಜಾನೆ ಜೀಪುಗಳಲ್ಲಿ ಘಟ್ಟವೇರಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುವವರು ಯಾರು? ‘ಕಣಿವೆಯ ಕನ್ನಡಿಗರು’ ಎಂಬ ಹೆಸರಿನಲ್ಲಿ ಒಂದು ಛಾಯಾಪುಸ್ತಕ ಸಿದ್ಧವಾಗಿ, ಅದರಲ್ಲಿ ಹಿರಿಯರ ಗಂಭೀರ ಭಾವಚಿತ್ರಗಳೂ ಕುಲದೇವತೆಯ ಗುಡಿಗಳೂ ಮದುವೆಯ ಸಂಭ್ರಮಗಳೂ ತುಂಬಿ, ಇವರು ಯಾರೂ ಕಾಣಿಸದಿದ್ದರೆ ಅದು ಭಾಷೆಯ ಪುಸ್ತಕವಾಗದೆ ಜಾತಿಯ ಆಲ್ಬಂ ಆಗುತ್ತದೆ. ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಒದಗಬಹುದಾದ ಅತಿ ದೊಡ್ಡ ಅಪಾಯ ಇದು: ಭಾಷೆಯ ಮೇಲಿನ ಪ್ರೀತಿ ಗೊತ್ತಿಲ್ಲದೆಯೇ ಕುಲದ ಹೆಮ್ಮೆಗೆ ಹಿನ್ನೆಲೆಯ ಪರದೆಯಾಗುವುದು.

ಪರದೆಯೆಂದಾಗ ಸ್ಟುಡಿಯೋ ಛಾಯಾಚಿತ್ರಗಳ ನೆನಪಾಗುವುದು ಸಹಜ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಬಣ್ಣ ಬಳಿದ ಪರದೆ, ಹೂಕುಂಡದ ಮೇಜು, ಕುರ್ಚಿಯ ತೋಳನ್ನು ಹಿಡಿದ ಕೈ, ತಿದ್ದಿದ ಕೆನ್ನೆ: ಇವುಗಳಲ್ಲಿ ಜನ ತಾವು ಹೇಗೆ ಕಾಣಬೇಕೆಂದು ತಾವೇ ನಿರ್ಧರಿಸಿದರು. ಥರ್ಸ್ಟನ್ನನ ಅಳತೆಯ ಪರದೆಗೂ ಸ್ಟುಡಿಯೋದ ಕನಸಿನ ಪರದೆಗೂ ಇರುವ ಅಂತರ ಇದು. ರಾಜಸ್ಥಾನದ ಲೂಣಕರಣಸರದ ಹುಡುಗಿಯರ ಮೇಳದಲ್ಲಿ ಗೌರಿ ಗಿಲ್ ಒಂದು ಡೇರೆಯ ಸ್ಟುಡಿಯೋ ಹೂಡಿ, ಹುಡುಗಿಯರು ತಮಗೆ ಬೇಕಾದಂತೆ ನಿಲ್ಲಲು ಬಿಟ್ಟು ತೆಗೆದ ‘ಬಾಲಿಕಾ ಮೇಳ’ (೨೦೧೨) ಈ ಪರಂಪರೆಗೆ ಸೇರಿದ ಪುಸ್ತಕ. ಕಣಿವೆಯ ಕನ್ನಡ ಮನೆಗಳ ಚಿತ್ರಚರಿತ್ರೆ ಆರಂಭವಾಗಬೇಕಾದದ್ದು ಹೊಸ ಕ್ಯಾಮೆರಾದಿಂದಲ್ಲ, ಗೋಡೆಗೆ ತೂಗುಹಾಕಿದ ಚೌಕಟ್ಟುಗಳಿಂದ, ಪೆಟ್ಟಿಗೆ ಸೇರಿದ ಮದುವೆಯ ಆಲ್ಬಂಗಳಿಂದ. ಅವುಗಳ ಒಡೆತನ ಮನೆಯಲ್ಲಿಯೇ ಉಳಿಯಬೇಕು. ಸಂಶೋಧಕರಿಗೆ ದಕ್ಕಬೇಕಾದದ್ದು ಪ್ರತಿ ಮಾತ್ರ.

೫

ಅಡಿಬರಹವೇ ಬೇಡವೆನ್ನುವ ಗಟ್ಟಿಯಾದ ಪಂಥವೊಂದಿದೆ. ಅದನ್ನು ಎದುರಿಸದೆ ಈ ವಾದ ಪೂರ್ಣವಾಗದು. ಜೇಮ್ಸ್ ಏಜಿ ಮತ್ತು ವಾಕರ್ ಇವಾನ್ಸ್ ಅವರ ೧೯೪೧ರ ಪುಸ್ತಕದಲ್ಲಿ ಅಲಬಾಮಾದ ಗೇಣಿದಾರರ ಚಿತ್ರಗಳು ಒಂದು ಅಕ್ಷರವೂ ಇಲ್ಲದೆ ಮೊದಲಿಗೆ ಬರುತ್ತವೆ, ಬರಹ ಆಮೇಲೆ ತನ್ನ ಪಾಡಿಗೆ ತಾನು ಸಾಗುತ್ತದೆ. ದಯಾನಿತಾ ಸಿಂಗ್ ಅವರ ‘ಫೈಲ್ ರೂಮ್’ (೨೦೧೩) ದಾಖಲೆಗಳ ಕಟ್ಟುಗಳಿಂದ ತುಂಬಿದ ಕೋಣೆಗಳನ್ನು ಯಾವ ಊರು, ಯಾವ ಕಚೇರಿ ಎಂದು ಹೇಳದೆ ತೋರಿಸುತ್ತದೆ. ಹೆಸರಿನ ಹಂಗಿಲ್ಲದ ಚಿತ್ರ ನೋಡುವವರನ್ನು ನಿಲ್ಲಿಸಿ ಯೋಚನೆಗೆ ಹಚ್ಚುತ್ತದೆ ಎಂಬುದು ನಿಜ. ಬರಹವು ಚಿತ್ರದ ಅರ್ಥವನ್ನು ಲಂಗರು ಹಾಕಿ ನಿಲ್ಲಿಸುತ್ತದೆ ಎಂದು ರೊಲಾಂ ಬಾರ್ತ್ ಹೇಳಿದಾಗ ಅದರಲ್ಲಿ ಮೆಚ್ಚುಗೆಗಿಂತ ಶಂಕೆಯೇ ಹೆಚ್ಚಾಗಿತ್ತು.

ಆದರೆ ಮೌನ ಎಲ್ಲರಿಗೂ ಒಂದೇ ಬಗೆಯದಲ್ಲ. ಇಂಗ್ಲಿಷಿನ ಲೋಕದಲ್ಲಿ ಅಡಿಬರಹವನ್ನು ಬಿಡುವುದು ಒಂದು ಆಯ್ಕೆ. ಅಲ್ಲಿ ಭಾಷೆ ಹೇಗೂ ಇದ್ದೇ ಇದೆ, ಮುಖಪುಟದಲ್ಲಿ, ಮುನ್ನುಡಿಯಲ್ಲಿ, ವಿಮರ್ಶೆಯಲ್ಲಿ. ಯಾವ ಫಲಕದ ಮೇಲೂ ಇಲ್ಲದ ಭಾಷೆಗೆ ಅಡಿಬರಹವನ್ನು ಬಿಡುವುದು ಇನ್ನೊಂದು ಅಳಿಸುವಿಕೆ. ಲಂಗರಿನ ಭಾರವನ್ನು ದೂರುವ ಅಧಿಕಾರ ಹಡಗು ಇದ್ದವರಿಗೆ.

ಹಾಗೆಂದು ಕನ್ನಡ ಲಿಪಿಯಲ್ಲಿ ಒಂದು ಸಾಲು ಬರೆದುಬಿಟ್ಟರೆ ಕರ್ತವ್ಯ ತೀರಿತೆ? ಕಣಿವೆಯ ಕನ್ನಡ ಮನೆಗಳಲ್ಲಿ ಕಲಿತ ಲಿಪಿ ತಮಿಳು. ಕನ್ನಡ ಲಿಪಿಯ ಅಡಿಬರಹವನ್ನು ಓದಬಲ್ಲವರು ಬೆಂಗಳೂರಿನ, ಮೈಸೂರಿನ, ಧಾರವಾಡದ ನಾವು. ಚಿತ್ರದಲ್ಲಿರುವವರು ಅದನ್ನು ಓದಲಾರರು. ತಮಿಳು ಲಿಪಿಯಲ್ಲಿ ಅವರ ಕನ್ನಡವನ್ನು ಬರೆದರೆ ಅವರು ಓದಬಲ್ಲರು. ಆದರೆ ಘೋಷ ಅಘೋಷಗಳಿಗೆ ಒಂದೇ ಅಕ್ಷರವಿರುವ ಆ ಲಿಪಿಯಲ್ಲಿ ‘ಗಾಳಿ’ಯೂ ‘ಕಾಳಿ’ಯೂ ಒಂದೇ ಆಗಿ ಕಾಣುತ್ತವೆ. ಮನೆಯವರು ಸಂದರ್ಭದಿಂದ ಸರಿಯಾಗಿ ಓದಿಕೊಳ್ಳುತ್ತಾರೆ, ಹೊರಗಿನವರು ಎಡವುತ್ತಾರೆ. ಒಂದು ಲಿಪಿಯಲ್ಲಿ ಉಚ್ಚಾರ ಉಳಿದು ಓದುಗ ತಪ್ಪಿಹೋಗುತ್ತಾನೆ, ಇನ್ನೊಂದರಲ್ಲಿ ಓದುಗ ಉಳಿದು ಉಚ್ಚಾರ ಮಸುಕಾಗುತ್ತದೆ. ಆದಕಾರಣ ಎರಡು ಲಿಪಿಗಳೂ ಬೇಕು, ಒಂದೇ ಅಳತೆಯ ಅಕ್ಷರಗಳಲ್ಲಿ, ಒಂದರ ಕೆಳಗೊಂದು. ಬರೆಯಬೇಕಾದದ್ದು ಶಿಷ್ಟ ಕನ್ನಡವನ್ನಲ್ಲ, ಚಿತ್ರದಲ್ಲಿರುವವರು ಹೇಳಿದ ಮಾತನ್ನು. ‘ಪಟ್ಟದ ಆವು’ ಎಂದವರ ಚಿತ್ರದ ಕೆಳಗೆ ‘ಪಟ್ಟದ ಹೋರಿ’ ಎಂದು ತಿದ್ದುವ ಹಕ್ಕು ನಮಗಿಲ್ಲ.

ಚಿತ್ರದ ಮೇಲೆಯೇ ಸಮುದಾಯ ಬರೆಯಲು ಸಾಧ್ಯವೆಂಬುದಕ್ಕೂ ಮೇಲ್ಪಂಕ್ತಿಯುಂಟು. ಗೌರಿ ಗಿಲ್ ಅವರ ಕಪ್ಪು ಬಿಳುಪು ಚಿತ್ರಗಳ ಮೇಲೆ ವಾರಲಿ ಕಲಾವಿದ ರಾಜೇಶ್ ವಾಂಗಡ್ ತಮ್ಮ ಊರಿನ ಕಥೆಗಳನ್ನು ರೇಖೆಗಳಲ್ಲಿ ತುಂಬಿದ ‘ಫೀಲ್ಡ್ಸ್ ಆಫ್ ಸೈಟ್’ ೨೦೧೩ರಲ್ಲಿ ಆರಂಭವಾದ ಜೋಡಿ ಕೆಲಸ. ಕ್ಯಾಮೆರಾ ಕಾಣದ್ದನ್ನು ಅಲ್ಲಿ ಲೇಖನಿ ಹೇಳುತ್ತದೆ. ಪುಸ್ತಕದ ಆಕಾರದ ಬಗೆಗೂ ಹೊಸ ಯೋಚನೆಗಳಿವೆ. ದಯಾನಿತಾ ಸಿಂಗ್ ಅವರ ‘ಸೆಂಟ್ ಎ ಲೆಟರ್’ (೨೦೦೮) ಒಂದು ಪೆಟ್ಟಿಗೆಯಲ್ಲಿಟ್ಟ ಏಳು ಸಣ್ಣ ಮಡಿಕೆ ಪುಸ್ತಕಗಳು. ಮಡಿಕೆ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರೆ ಅದೇ ಪ್ರದರ್ಶನ. ಗ್ಯಾಲರಿಯಿಲ್ಲದ ಕಂಬಂ, ಬೋಡಿನಾಯಕ್ಕನೂರು, ಚಿನ್ನಾಳಪಟ್ಟಿಗಳಂಥ ಊರುಗಳಿಗೆ ಈ ರೂಪ ಹೇಳಿ ಮಾಡಿಸಿದಂತಿದೆ. ದೊಡ್ಡ ಬೆಲೆಯ ದಪ್ಪ ಪುಸ್ತಕ ನಗರದ ಗ್ರಂಥಾಲಯದ ಕಪಾಟು ಸೇರುತ್ತದೆ. ಮಡಿಕೆ ಪುಸ್ತಕ ಜಗಲಿಯ ಮೇಲೆ ನಿಲ್ಲುತ್ತದೆ, ಮನೆಯವರು ಸುತ್ತ ಕೂತು ಹೆಸರುಗಳನ್ನು ಹೇಳುತ್ತಾರೆ, ಅವರು ಹೇಳಿದ್ದು ಮುಂದಿನ ಮುದ್ರಣದ ಅಡಿಬರಹವಾಗುತ್ತದೆ.

ಕನ್ನಡಕ್ಕೆ ಚಿತ್ರವನ್ನು ಕುರಿತು ಬರೆಯುವ ಬಲ ಇಲ್ಲದಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ತಮ್ಮ ವೃತ್ತಿಜೀವನವನ್ನು ‘ಕಾಲಕ್ಕೆ ಕನ್ನಡಿ’ಯಲ್ಲಿ ಕನ್ನಡದಲ್ಲಿಯೇ ಹೇಳಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಅವರ ಚಿತ್ರಗಳು ಪ್ರದರ್ಶಿತವಾದವು. ಆ ಮಕ್ಕಳ ಮುಖಗಳ ಹಿಂದಿನ ಊರುಕೇರಿಯನ್ನು ತಿಳಿಯಬೇಕಾದವರು ಇಂದಿಗೂ ಅವರ ಬರಹಕ್ಕೆ ಮರಳುತ್ತಾರೆ. ಛಾಯಾಗ್ರಾಹಕನೊಬ್ಬ ತನ್ನ ಚಿತ್ರಕ್ಕೆ ತನ್ನ ಭಾಷೆಯಲ್ಲಿ ಸಾಕ್ಷಿ ನುಡಿಯಬಲ್ಲನೆಂಬುದನ್ನು ಅವರು ತೋರಿಸಿದರು. ಕಣಿವೆಯಲ್ಲಿ ಈಗ ಬೇಕಾಗಿರುವುದು ಅದರ ಇನ್ನೊಂದು ಮುಖ: ಚಿತ್ರದಲ್ಲಿರುವವರೇ ನುಡಿಯುವ ಸಾಕ್ಷ್ಯ.

ಅವಸರಕ್ಕೆ ಕಾರಣವಿದೆ. ಹಿಂಡಿನ ಚಿತ್ರವನ್ನು ಮುಂದಿನ ವರ್ಷವೂ ತೆಗೆಯಬಹುದು, ಐವತ್ತು ವರ್ಷಗಳ ಅನಂತರವೂ ತೆಗೆಯಬಹುದು. ದನಗಳಿರುವವರೆಗೆ ದೃಶ್ಯ ಉಳಿಯುತ್ತದೆ. ಅವುಗಳನ್ನು ‘ಆವು’ ಎಂದು ಕರೆಯುವ ಬಾಯಿಗಳಿಗೆ ಆ ಭರವಸೆಯಿಲ್ಲ. ತಮಿಳಿನಲ್ಲಿ ಓದಿ, ತಮಿಳಿನಲ್ಲಿ ದುಡಿದು, ತಮಿಳಿನಲ್ಲಿ ಮಕ್ಕಳನ್ನು ಜೋಗುಳಕ್ಕೆ ಮಲಗಿಸುವ ತಲೆಮಾರು ಬಂದಾಗ ಚಿತ್ರ ಹಾಗೆಯೇ ಇರುತ್ತದೆ, ಅದರ ಒಂದು ಹೆಸರು ಇಲ್ಲವಾಗುತ್ತದೆ. ಛಾಯಾಚಿತ್ರ ಸಾವನ್ನು ತಡೆಯುತ್ತದೆಂದು ನಂಬುವವರು ಈ ಕಣಿವೆಯಲ್ಲಿ ಆ ನಂಬಿಕೆಯನ್ನು ತಿದ್ದಿಕೊಳ್ಳಬೇಕಾದೀತು. ಭಾಷಾಸಂಶೋಧನೆಯ ಕೇಂದ್ರಗಳು ಛಾಯಾಗ್ರಾಹಕರನ್ನು ಕಣಿವೆಗೆ ಕರೆದೊಯ್ಯುವಾಗ ಮಸೂರದ ಜೊತೆಗೆ ಒಂದು ಧ್ವನಿಮುದ್ರಿಕೆಯನ್ನೂ, ಎರಡು ಲಿಪಿ ಬಲ್ಲ ಒಬ್ಬ ಬರಹಗಾರರನ್ನೂ ಕರೆದೊಯ್ಯಲಿ. ಚಿತ್ರ ತೆಗೆದ ಮೇಲೆ ಕೇಳಬೇಕಾದ ಪ್ರಶ್ನೆ ಚಿಕ್ಕದು: ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ? ಉತ್ತರವನ್ನು ಅವರು ಹೇಳಿದಂತೆಯೇ, ಚಿತ್ರದ ಕೆಳಗೆ ಬರೆಯುವುದು ನಮ್ಮ ಕೆಲಸ.